ಎರಡನೇ ಸಲ ಹೋದ ದೇಶಗಳು

ಎಷ್ಟು ದೇಶ ನೋಡಿದ್ದೀರಿ ಅಂತ ಯಾರಾದರೂ ಕೇಳಿದರೆ ಇಪ್ಪತ್ತೊಂದು ಅನ್ನುತ್ತೇನೆ. ಅದರಲ್ಲಿ ಯಾವುದು ಇಷ್ಟ ಅಂತ ಕೇಳಿದರೆ ನನ್ನ ಲೆಕ್ಕ ಬೇರೆ. ರಜೆ ಸಿಕ್ಕಾಗ ಹೊಸ ಜಾಗ ಬಿಟ್ಟು, ನೋಡಿದ ದೇಶಕ್ಕೇ ಮತ್ತೆ ಟಿಕೆಟ್ ತೆಗೆದಿದ್ದರೆ ಅದು ನನಗೆ ಇಷ್ಟವಾದ ದೇಶ. ಹಾಗೆ ನೋಡಿದರೆ ನಾಲ್ಕೇ ಉಳಿಯುತ್ತವೆ: ಶ್ರೀಲಂಕಾ, ಜಾರ್ಜಿಯಾ, ಜಪಾನ್, ವಿಯೆಟ್ನಾಂ.

ನಮ್ಮದು ಸಕಲೇಶಪುರದ ಕಡೆ. ಎಂಟು ಎಕರೆ ಕಾಫಿ ತೋಟ. ಮುಕ್ಕಾಲು ಪಾಲು ರೊಬಸ್ಟಾ, ಮಿಕ್ಕಿದ್ದು ಅರೇಬಿಕಾ, ಮರಕ್ಕೆ ಹಬ್ಬಿಸಿದ ಕಾಳುಮೆಣಸು. ನಾನು ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸದಲ್ಲಿದ್ದೇನೆ. ವರ್ಷಕ್ಕೊಂದು ಸಲವಾದರೂ ಹತ್ತರಿಂದ ಹದಿನಾಲ್ಕು ದಿನ ಹೊರಡುತ್ತೇನೆ. ಹೆಚ್ಚಾಗಿ ಒಬ್ಬಳೇ. ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ. ತೋಟ ಮತ್ತು ಊಟ, ಈ ಎರಡೇ ನಾನು ಎಲ್ಲಿಗೆ ಹೋಗಬೇಕು ಅನ್ನುವುದನ್ನು ತೀರ್ಮಾನ ಮಾಡಿವೆ.

ಮೊದಲು ಹೀಗಿರಲಿಲ್ಲ. 2014ರ ಮೇ ತಿಂಗಳಲ್ಲಿ ಒಂದು ಟೂರ್ ಕಂಪನಿಯ ಜೊತೆ ಹನ್ನೊಂದು ದಿನದಲ್ಲಿ ಯುರೋಪಿನ ಏಳು ದೇಶ ಸುತ್ತಿದೆ. ಬೆಳಿಗ್ಗೆ ಆರಕ್ಕೆ ಎಬ್ಬಿಸುತ್ತಿದ್ದರು. ಏಳಕ್ಕೆ ಬಸ್ಸು. ದೊಡ್ಡ ಊರುಗಳಲ್ಲಿ ನಲವತ್ತೈದು ನಿಮಿಷ ಇಳಿಸಿ, ಫೋಟೋ ತೆಗೆಸಿ, ಮತ್ತೆ ಹತ್ತಿಸುತ್ತಿದ್ದರು. ಹಣದಲ್ಲಿ ಅರ್ಧ ಹೋಟೆಲಿಗೆ ಹೋಗಿತ್ತು. ಆ ಹೋಟೆಲುಗಳೋ ಊರಿನಿಂದ ಮೂವತ್ತು ಕಿಲೋಮೀಟರ್ ಆಚೆ, ಹೆದ್ದಾರಿ ಪಕ್ಕದಲ್ಲಿ. ಊರಿಗೆ ಬಂದು ಅಪ್ಪನಿಗೆ ಫೋಟೋ ತೋರಿಸಿದೆ. ಒಂದರಲ್ಲಿ ಬಸ್ಸಿನ ಕಿಟಕಿಯಾಚೆ ಕಣ್ಣು ಹಾಯಿಸಿದಷ್ಟು ದೂರ ಹಳದಿ ಹೂವಿನ ಹೊಲ.

"ಇದೇನು ಬೆಳೆ?" ಅಂತ ಅಪ್ಪ ಕೇಳಿದರು.

ನನಗೆ ಗೊತ್ತಿರಲಿಲ್ಲ. ನಾಲ್ಕು ದಿನ ಅದನ್ನೇ ನೋಡುತ್ತಾ ಹೋಗಿದ್ದೆ. ಯಾರನ್ನೂ ಕೇಳಿರಲಿಲ್ಲ. ಕೇಳೋಕೆ ಯಾರೂ ಸಿಕ್ಕಿಯೂ ಇರಲಿಲ್ಲ. ಅದು ಸಾಸಿವೆ ಜಾತಿಯ ಎಣ್ಣೆಕಾಳು ಅಂತ ಆಮೇಲೆ ತಿಳಿಯಿತು. ಅವತ್ತಿನಿಂದ ಒಂದು ರೂಢಿ ಮಾಡಿಕೊಂಡೆ. ಯಾವ ದೇಶಕ್ಕೆ ಹೊರಟರೂ ಒಂದು ಪ್ರಶ್ನೆ ಜೊತೆಗೆ ಒಯ್ಯುತ್ತೇನೆ. ಅದಕ್ಕೆ ಉತ್ತರ ಸಿಗುವ ಕಡೆ ಇಳಿಯುತ್ತೇನೆ. ಬಾಕಿ ಊರುಗಳನ್ನು ಬಿಡುತ್ತೇನೆ.

ಆ ರೂಢಿ ಶುರುವಾದದ್ದು ಶ್ರೀಲಂಕಾದಿಂದ. 2012ರಲ್ಲಿ ಆಫೀಸಿನವರ ಜೊತೆ ಕೊಲಂಬೊ, ಸಮುದ್ರ ತೀರ ಅಂತ ನಾಲ್ಕು ದಿನ ಹೋಗಿ ಬಂದಿದ್ದೆ. ಚೆನ್ನಾಗಿತ್ತು, ಅಷ್ಟೇ. 2015ರಲ್ಲಿ ಮತ್ತೆ ಹೋದಾಗ ಅಪ್ಪನ ಒಂದು ಮಾತು ತಲೆಯಲ್ಲಿತ್ತು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಅರೇಬಿಕಾಗೆ ರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಸುವಾಗ, ಮೈಲುತುತ್ತ ಸುಣ್ಣ ಕಲಸುತ್ತಾ, "ಇದೊಂದು ತಪ್ಪಿದರೆ ಸಿಲೋನಿನ ಗತಿ" ಅನ್ನುತ್ತಾರೆ. ಏನದು ಸಿಲೋನಿನ ಗತಿ? ಕ್ಯಾಂಡಿ ಹತ್ತಿರದ ಹಂತಾನದಲ್ಲಿ, ಹಳೇ ಟೀ ಫ್ಯಾಕ್ಟರಿಯೊಂದರಲ್ಲಿ ಮಾಡಿರುವ ಟೀ ಮ್ಯೂಸಿಯಂಗೆ ಹೋದರೆ ಆ ಕತೆ ಅರ್ಥವಾಗುತ್ತದೆ. ಸಿಲೋನ್ ಒಂದು ಕಾಲಕ್ಕೆ ಕಾಫಿ ದೇಶ. 1869ರಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡಿತು. ಇಪ್ಪತ್ತು ಚಿಲ್ಲರೆ ವರ್ಷದಲ್ಲಿ ಬೆಟ್ಟಗಳೆಲ್ಲ ಬರಿದಾದವು. ಆ ರೋಗ ಬರುವುದಕ್ಕೂ ಎರಡು ವರ್ಷ ಮುಂಚೆ, 1867ರಲ್ಲಿ, ಜೇಮ್ಸ್ ಟೇಲರ್ ಎಂಬ ಸ್ಕಾಟ್ಲೆಂಡಿನವನು ಲೂಲ್‌ಕಂಡೇರಾ ಎಸ್ಟೇಟಿನಲ್ಲಿ ಹತ್ತೊಂಬತ್ತು ಎಕರೆ ಟೀ ಹಾಕಿದ್ದ. ಕಾಫಿ ಸತ್ತ ನೆಲದಲ್ಲೆಲ್ಲ ಆ ಟೀ ಹಬ್ಬಿತು. ನಾವು ನೋಡಿ ಬೆರಗಾಗುವ ಆ ಹಸಿರು ಬೆಟ್ಟಗಳ ಕೆಳಗೆ ಸತ್ತುಹೋದ ಕಾಫಿ ತೋಟಗಳಿವೆ. ಇದು ಗೊತ್ತಾದ ಮೇಲೆ ರೈಲಿನ ಕಿಟಕಿಯಲ್ಲಿ ಕಾಣುವುದೇ ಬೇರೆ.

ಕ್ಯಾಂಡಿಯಿಂದ ಬದುಲ್ಲಾ ಕಡೆ ಹೋಗುವ ಆ ರೈಲಿಗೆ ಎಲ್ಲರೂ ‘ಎಲ್ಲಾ’ ಅನ್ನುವ ಹೆಸರಿನ ಊರಿನ ತನಕ ಟಿಕೆಟ್ ತೆಗೆಯುತ್ತಾರೆ. ಅಲ್ಲಿ ಒಂಬತ್ತು ಕಮಾನಿನ ಸೇತುವೆ ಇದೆ, ನೋಡಬೇಕಾದದ್ದೇ. ಆದರೆ ಜನ ಜಾಸ್ತಿ. ನಾನು ಅದಕ್ಕಿಂತ ಮುಂಚೆ ಸಿಗುವ ಹಪುತಲೆಯಲ್ಲಿ ಇಳಿಯುತ್ತೇನೆ. ಬೆಟ್ಟದ ಏಣಿನ ಮೇಲೆ ಕೂತ ಊರು. ಎರಡೂ ಕಡೆ ಕಣಿವೆ. ಸಂಜೆ ನಾಲ್ಕರ ಹೊತ್ತಿಗೆ ಮಂಜು ರಸ್ತೆಗೇ ಇಳಿಯುತ್ತದೆ, ನಮ್ಮ ಬಿಸಿಲೆ ಘಾಟಿಯ ಹಾಗೆ. ಅಲ್ಲಿ ಟೀ ಕೊಯ್ಯುವ ಹೆಂಗಸೊಬ್ಬರ ಮನೆಯಲ್ಲಿ ಒಂದು ಮಧ್ಯಾಹ್ನ ಕೂತಿದ್ದೆ. ಅವರ ಹಿರಿಯರು ತಮಿಳುನಾಡಿನಿಂದ ಕಾಫಿ ಕೆಲಸಕ್ಕೆ ಬಂದವರು, ಆಮೇಲೆ ಟೀಗೆ ದಾಟಿದವರು. ನನಗೆ ಅಲ್ಪಸ್ವಲ್ಪ ತಮಿಳು ಬರುತ್ತದೆ. ತೋಟದ ಕೆಲಸದವರು ಇರುವ ಸಾಲುಮನೆಗೆ ನಮ್ಮ ಕಡೆ ಲೈನ್ ಮನೆ ಅಂದರೆ ಅವರು ಲಯನ್ ಅನ್ನುತ್ತಾರೆ. "ನಿಮ್ಮ ಕಡೆ ಒಂದು ಮನೆಗೆ ಎಷ್ಟು ಕೋಣೆ, ಅಕ್ಕಾ?" ಅಂತ ಕೇಳಿದರು. ಎರಡು ಅಂದೆ. "ನಮಗೆ ಒಂದೇ" ಅಂದರು. ಆಮೇಲೆ ಸುಮಾರು ಹೊತ್ತು ಇಬ್ಬರೂ ಮಾತಾಡಲಿಲ್ಲ. ಊರಿಗೆ ಬಂದು ಅದನ್ನು ಅಪ್ಪನಿಗೆ ಹೇಳಿದೆ. ನಮ್ಮ ಲೈನ್ ಮನೆಗಳ ಹಿಂದೆ ಒಂದೊಂದು ಅಡುಗೆಕೋಣೆ ಸೇರಿಸಿದ್ದು ಅದರ ಮುಂದಿನ ವರ್ಷ.

2023ರಲ್ಲಿ ಮೂರನೇ ಸಲ ಹೋದೆ. ಹಿಂದಿನ ವರ್ಷದ ಆರ್ಥಿಕ ಬಿಕ್ಕಟ್ಟಿನ ಕಷ್ಟ ಇನ್ನೂ ಎಲ್ಲರ ಬಾಯಲ್ಲಿತ್ತು. 2021ರಲ್ಲಿ ಸರ್ಕಾರ ರಸಗೊಬ್ಬರದ ಆಮದನ್ನು ಇದ್ದಕ್ಕಿದ್ದಂತೆ ನಿಲ್ಲಿಸಿ, ಕೆಲವೇ ತಿಂಗಳಲ್ಲಿ ಮತ್ತೆ ಬಿಟ್ಟಿತ್ತು. ಅಷ್ಟರಲ್ಲಿ ಟೀ, ಭತ್ತ ಎರಡಕ್ಕೂ ಏಟು ಬಿದ್ದಿತ್ತು. ಹಪುತಲೆಯ ಮನೆಯವರು ಪೆಟ್ರೋಲಿಗೆ ಎರಡು ರಾತ್ರಿ ಸರದಿಯಲ್ಲಿ ಮಲಗಿದ್ದನ್ನು ಹೇಳಿದರು. ಪ್ರವಾಸಿಗಳು ಮತ್ತೆ ಬರುತ್ತಿದ್ದಾರೆ ಅನ್ನುವುದೇ ಅವರಿಗೆ ದೊಡ್ಡ ಸಮಾಧಾನವಾಗಿತ್ತು. ಹತ್ತು ದಿನಕ್ಕೆ ವಿಮಾನ ಸೇರಿ ನನಗೆ ಸುಮಾರು 62,000 ರೂಪಾಯಿ ಆಯಿತು. ಮೊದಲ ಸಲ ಹೊರದೇಶಕ್ಕೆ ಹೊರಡುವ ನಮ್ಮವರಿಗೆ ನಾನು ಶ್ರೀಲಂಕಾವನ್ನೇ ಹೇಳುತ್ತೇನೆ. ಬೆಳಿಗ್ಗೆ ತಿಂಡಿಗೆ ಇಂದಿ ಆಪ್ಪ ಸಿಗುತ್ತದೆ, ಅದು ನಮ್ಮ ಒತ್ತು ಶಾವಿಗೆಯೇ. ಒಂದು ಎಚ್ಚರ ಬೇಕು. ತೆಂಗಿನಕಾಯಿ ಸಾಂಬೋಲಿಗೆ ಉಂಬಲಕಡ ಅನ್ನುವ ಒಣಮೀನಿನ ಪುಡಿ ಹಾಕುತ್ತಾರೆ. ನೋಡೋಕೆ ಗೊತ್ತಾಗುವುದಿಲ್ಲ. ಅದು ಬೇಡ ಅಂತ ಮೊದಲೇ ಹೇಳಬೇಕು. ಹೇಳಿದರೆ ಖುಷಿಯಿಂದ ಬೇರೆ ಮಾಡಿಕೊಡುತ್ತಾರೆ. ಧನ್ಯವಾದಕ್ಕೆ ಅವರು ‘ಸ್ತೂತಿ’ ಅನ್ನುತ್ತಾರೆ. ನಮ್ಮ ಸ್ತುತಿಯೇ ಅಲ್ವಾ, ಒಂದೇ ಸಲಕ್ಕೆ ನೆನಪಿನಲ್ಲಿ ಉಳಿಯಿತು.

ಊಟದ ಚಿಂತೆ ಇರುವವರು ಜಾರ್ಜಿಯಾದ ಬಗ್ಗೆ ಕೇಳಿರುವುದಿಲ್ಲ. ಕಪ್ಪು ಸಮುದ್ರದ ಪಕ್ಕ, ಕಾಕಸಸ್ ಬೆಟ್ಟಗಳ ಕೆಳಗೆ ಇರುವ ಸಣ್ಣ ದೇಶ. 2018ರ ಮಾರ್ಚಿನಲ್ಲಿ ಮೊದಲು ಹೋದಾಗ ಹದಿನಾಲ್ಕು ದಿನಕ್ಕೆ ಬೇಕಾದಷ್ಟು ಅವಲಕ್ಕಿ, ಚಟ್ನಿಪುಡಿ ತುಂಬಿಕೊಂಡು ಹೋಗಿದ್ದೆ. ಅರ್ಧ ಹಾಗೇ ವಾಪಸ್ ತಂದೆ. ಯಾಕೆಂದರೆ ಅದು ಅವರ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ಕಾಲ. ಅಲ್ಲಿನ ಆರ್ಥಡಾಕ್ಸ್ ಕ್ರೈಸ್ತರು ಆ ದಿನಗಳಲ್ಲಿ ಮಾಂಸ, ಮೊಟ್ಟೆ, ಹಾಲು ಯಾವುದನ್ನೂ ಮುಟ್ಟುವುದಿಲ್ಲ. ಉಪವಾಸದ ಅಡುಗೆಗೆ ‘ಸಮಾರ್ಖ್ವೊ’ ಅನ್ನುತ್ತಾರೆ. ಹೋಟೆಲಿಗೆ ಹೋಗಿ ಆ ಒಂದು ಶಬ್ದ ಅಂದರೆ ಸಾಕು. ಮಣ್ಣಿನ ಕುಡಿಕೆಯಲ್ಲಿ ಬೇಯಿಸಿದ ಕಾಳಿನ ಲೋಬಿಯೊ, ಜೊತೆಗೆ ಮೆಕ್ಕೆಜೋಳದ ರೊಟ್ಟಿ, ಅಕ್ರೋಟ್ ಅರೆದು ತುಂಬಿದ ಬದನೆಕಾಯಿ. ವರ್ಷದ ಬಾಕಿ ದಿನಗಳಲ್ಲೂ ಬುಧವಾರ, ಶುಕ್ರವಾರ ಈ ಊಟ ಮಾಡುವವರಿದ್ದಾರೆ. ಸಸ್ಯಾಹಾರಿ ಅಂತ ಇಂಗ್ಲಿಷಿನಲ್ಲಿ ವಿವರಿಸಿ ಸೋತಿದ್ದ ನನಗೆ, ಅವರದ್ದೇ ಧರ್ಮದೊಳಗಿನ ಶಬ್ದ ಸಿಕ್ಕಿದ್ದು ದೊಡ್ಡ ಪಾಠ. ಅಲ್ಲಿಂದ ಮುಂದೆ ಎಲ್ಲೇ ಹೋದರೂ ಮೊದಲು ಅಂಥ ಶಬ್ದ ಹುಡುಕುತ್ತೇನೆ.

ರಾಜಧಾನಿ ಟಿಬಿಲಿಸಿಯ ದಿದುಬೆ ಬಸ್ ನಿಲ್ದಾಣದಿಂದ ಮಾರ್ಶ್ರುಟ್ಕಾ ಎಂಬ ವ್ಯಾನ್ ಹಿಡಿದು ಉತ್ತರಕ್ಕೆ ಮೂರು ಗಂಟೆ ಹೋದರೆ ಸ್ಟೆಪಾಂಟ್ಸ್‌ಮಿಂಡಾ. ಎದುರಿಗೆ ಐದು ಸಾವಿರ ಮೀಟರಿಗೂ ಎತ್ತರದ ಕಾಜ್ಬೆಕ್ ಪರ್ವತ. ಅದರ ಮಗ್ಗುಲಲ್ಲಿ 2,170 ಮೀಟರ್ ಎತ್ತರದ ಗುಡ್ಡದ ಮೇಲೆ 14ನೇ ಶತಮಾನದ ಗೆರ್ಗೆಟಿ ಚರ್ಚು. ಒಂದು ರಾತ್ರಿಗೆ ಅಂತ ಹೋದೆ. ಹಿಮ ಜಾರಿ ಕಣಿವೆಯ ರಸ್ತೆ ಮುಚ್ಚಿತು. ಮೂರು ರಾತ್ರಿ ಆಯಿತು. ಮನೆಯ ಯಜಮಾನಿ ಅರವತ್ತರ ಆಸುಪಾಸಿನವರು, ಇಂಗ್ಲಿಷ್ ಬಾರದು. ಎರಡನೇ ದಿನ ನಾನು ಅವರ ಒಲೆಯಲ್ಲಿ ಅವಲಕ್ಕಿ ಒಗ್ಗರಣೆ ಮಾಡಿದೆ. ಅವರು ನನಗೆ ತಮ್ಮ ಮಸಾಲೆ ಡಬ್ಬಿ ಮೂಸೋಕೆ ಕೊಟ್ಟರು. ಮೆಂತ್ಯದ ದಾಯಾದಿಯಂಥ ಒಂದು ಪುಡಿ. ಅವರ ಭಾಷೆಯಲ್ಲಿ ಅದರ ಹೆಸರಿನ ಅರ್ಥ ಪರದೇಶದ ಪರಿಮಳ ಅಂತ. ಹೊರಡುವಾಗ ಹೆಚ್ಚಿನ ಎರಡು ರಾತ್ರಿಗೆ ಹಣ ತೆಗೆದುಕೊಳ್ಳಲೇ ಇಲ್ಲ. ರಸ್ತೆ ಕಡೆ ಕೈ ತೋರಿಸಿ ತಲೆಯಾಡಿಸಿದರು. ಹಿಮಕ್ಕೆ ನೀನು ಯಾಕೆ ದುಡ್ಡು ಕೊಡಬೇಕು ಅನ್ನುವ ಹಾಗೆ.

ಅದೇ ನನ್ನನ್ನು 2023ರ ಅಕ್ಟೋಬರಿನಲ್ಲಿ ಮತ್ತೆ ಕರೆಸಿದ್ದು. ಈ ಸಲ ಪ್ರಶ್ನೆ ಟೀ. ಸೋವಿಯತ್ ಕಾಲದಲ್ಲಿ ಆ ದೊಡ್ಡ ಒಕ್ಕೂಟ ಬೆಳೆಯುತ್ತಿದ್ದ ಟೀಯಲ್ಲಿ ಬಹುಪಾಲು ಜಾರ್ಜಿಯಾದ್ದು. 1893ರಲ್ಲಿ ಲಾವ್ ಜುನ್‌ಜೌ ಎಂಬ ಚೀನಾದ ಟೀ ನಿಪುಣನನ್ನು ಬಟುಮಿ ಹತ್ತಿರದ ಚಾಕ್ವಿಗೆ ಕರೆತಂದಿದ್ದರು. 1991ರಲ್ಲಿ ಒಕ್ಕೂಟ ಒಡೆಯಿತು, ಕೊಳ್ಳುವವರೇ ಇಲ್ಲವಾದರು. ಗುರಿಯಾ ಪ್ರಾಂತದ ಓಜುರ್ಗೆಟಿ ಸುತ್ತ ಎರಡು ದಿನ ನಡೆದೆ. ಜರೀಗಿಡ, ಮುಳ್ಳುಬಳ್ಳಿ ಮುಚ್ಚಿದ ಇಳಿಜಾರು. ಬಗ್ಗಿ ನೋಡಿದರೆ ಒಳಗೆ ಸಾಲು ಸಾಲು ಟೀ ಗಿಡ. ಕೆಲವು ನನಗಿಂತ ಎತ್ತರ ಬೆಳೆದು ಹೂ ಬಿಟ್ಟಿದ್ದವು. ಅಪ್ಪನಿಗೆ ಫೋಟೋ ಕಳಿಸಿದೆ. "ಕತ್ತರಿ ಬೀಳದಿದ್ದರೆ ಟೀ ಮರವೇ ಆಗುತ್ತೆ ಕಣಮ್ಮ. ನೋಡೋಕೆ ಸಂಕಟ" ಅಂದರು. ಈಗ ಅಲ್ಲಲ್ಲಿ ಕೆಲವರು ಆ ಪೊದೆ ಸವರಿ, ಹಳೇ ಗಿಡವನ್ನೇ ಚಿಗುರಿಸಿ, ಕೈಯಲ್ಲಿ ಕೊಯ್ದು ಸಣ್ಣ ಪ್ರಮಾಣದಲ್ಲಿ ಟೀ ಮಾಡುತ್ತಿದ್ದಾರೆ. ಮೂವತ್ತು ವರ್ಷ ಯಾರೂ ಔಷಧಿ ಹೊಡೆಯದ ಗಿಡ. ಆ ಟೀ ಕುಡಿದೆ. ಒಗರು ಕಡಿಮೆ, ಜೇನಿನ ವಾಸನೆ. ಹಾಲು ಹಾಕೋಕೆ ಮನಸ್ಸು ಬರಲಿಲ್ಲ.

ಜಪಾನಿನ ಮಾತು ಬೇರೆ. 2017ರಲ್ಲಿ ಮೊದಲು ಹೋದಾಗ ಊಟದಲ್ಲಿ ಬಹಳ ಕಷ್ಟಪಟ್ಟೆ. ತರಕಾರಿ ಅಂತ ಕೊಟ್ಟರೂ ಸಾರಿನಲ್ಲಿ ದಾಶಿ ಇರುತ್ತದೆ. ಹೊಗೆ ಹಿಡಿಸಿ ಒಣಗಿಸಿದ ಮೀನಿನ ಚೂರು ಕುದಿಸಿ ತೆಗೆದ ರಸ ಅದು. ಅವರಿಗೆ ಅದು ಉಪ್ಪಿನಷ್ಟೇ ಸಹಜ, ಮೀನು ಅಂತ ಅನ್ನಿಸುವುದೇ ಇಲ್ಲ. ಹತ್ತು ದಿನದಲ್ಲಿ ಮೂರು ಕೆಜಿ ಇಳಿದೆ. ಜಾರ್ಜಿಯಾದ ಪಾಠ ನೆನಪಿಟ್ಟು 2024ರಲ್ಲಿ ಹೋಗುವ ಮುಂಚೆ ಅವರ ಶಬ್ದ ಹುಡುಕಿದೆ. ಸಿಕ್ಕಿತು: ಶೋಜಿನ್ ರ್‍ಯೋರಿ. ಬೌದ್ಧ ಭಿಕ್ಷುಗಳ ಊಟ. ಅದು ಸಿಗುವ ಕಡೆಗೇ ಹೋದರಾಯಿತು ಅಂತ ಕೋಯಾಸಾನ್‌ಗೆ ಹೊರಟೆ.

ಒಸಾಕಾದ ನಂಬಾ ನಿಲ್ದಾಣದಿಂದ ರೈಲು, ಕೊನೆಗೆ ಕಡಿದಾದ ಬೆಟ್ಟಕ್ಕೆ ಕೇಬಲ್ ಕಾರು. ಎಲ್ಲ ಸೇರಿ ಎರಡು ಗಂಟೆಯ ದಾರಿ. ಬೆಟ್ಟದ ಮೇಲೆ ನೂರಕ್ಕೂ ಹೆಚ್ಚು ದೇವಸ್ಥಾನ. ಅದರಲ್ಲಿ ಐವತ್ತರಷ್ಟು ಕಡೆ ಯಾತ್ರಿಕರಿಗೆ ಉಳಿಯೋಕೆ ಕೋಣೆ ಕೊಡುತ್ತಾರೆ. ರಾತ್ರಿ ಊಟ, ಬೆಳಗಿನ ತಿಂಡಿ ಸೇರಿ ನಾನು ಕೊಟ್ಟದ್ದು 15,000 ಯೆನ್. ನಮ್ಮ ಲೆಕ್ಕದಲ್ಲಿ ಎಂಟು ಸಾವಿರದ ಮೇಲೆ. ಅಗ್ಗವಲ್ಲ. ಆದರೆ ಎಳ್ಳಿನ ಹಾಲಿನಿಂದ ಮಾಡಿದ ತೋಫು, ಹೆಪ್ಪುಗಟ್ಟಿಸಿ ಒಣಗಿಸಿದ ತೋಫುವಿನ ಪಲ್ಯ, ಕಡಲಕಳೆಯ ಸಾರು, ಒಂದೊಂದೂ ಪುಟ್ಟ ಬಟ್ಟಲಲ್ಲಿ. ಆ ದೇಶದಲ್ಲಿ ಮೊದಲ ಸಲ ಅನುಮಾನವಿಲ್ಲದೆ ಉಂಡೆ. ಬೆಳಿಗ್ಗೆ ಆರಕ್ಕೆ ಪೂಜೆಗೆ ಕೂತೆ.

ಕೋಯಾಸಾನ್ ಮಠವನ್ನು ಕಟ್ಟಿದವರು ಕೂಕಾಯ್ ಎಂಬ ಗುರು, 9ನೇ ಶತಮಾನದಲ್ಲಿ. 835ರಲ್ಲಿ ಅವರು ತೀರಿಕೊಂಡರು ಅಂತ ಚರಿತ್ರೆ ಹೇಳುತ್ತದೆ. ಭಕ್ತರು ಹಾಗೆ ಹೇಳುವುದಿಲ್ಲ. ಗುರುಗಳು ಅಲ್ಲಿನ ಸಮಾಧಿಸ್ಥಳ ಒಕುನೊಯಿನ್‌ನ ಗುಹೆಯೊಳಗೆ ಇನ್ನೂ ಧ್ಯಾನದಲ್ಲಿ ಕೂತಿದ್ದಾರೆ ಅನ್ನುತ್ತಾರೆ. ದಿನಕ್ಕೆ ಎರಡು ಹೊತ್ತು ಅವರಿಗೆ ಊಟ ಒಯ್ಯುತ್ತಾರೆ. ಜೊತೆಯಲ್ಲಿದ್ದ ಬೇರೆ ದೇಶದವರು ಇದನ್ನು ಕೇಳಿ ಆಶ್ಚರ್ಯಪಟ್ಟರು. ನನಗೆ ಮಂತ್ರಾಲಯ ನೆನಪಾಯಿತು. ಸಶರೀರವಾಗಿ ಬೃಂದಾವನ ಪ್ರವೇಶ ಮಾಡಿದ ರಾಯರು ಒಳಗೇ ಇದ್ದಾರೆ ಅಂತ ನಂಬಿ ದಿನಾ ಹಸ್ತೋದಕ ಕೊಡುವ ನಾಡಿನಿಂದ ಹೋದವಳಿಗೆ ಅದರಲ್ಲಿ ವಿಚಿತ್ರ ಏನಿದೆ? ಸುಮ್ನೆ ಕೈ ಮುಗಿದೆ.

ಆ ಗುಹೆಗೆ ಹೋಗುವ ಎರಡು ಕಿಲೋಮೀಟರ್ ದಾರಿಯ ಎರಡೂ ಕಡೆ ದೇವದಾರಿನ ಥರದ ಭಾರೀ ಮರಗಳು, ಎರಡು ಲಕ್ಷಕ್ಕೂ ಮಿಕ್ಕಿದ ಸಮಾಧಿಗಳು. ಹಲವು ಸಮಾಧಿಗಳು ಐದು ಕಲ್ಲು ಒಂದರ ಮೇಲೊಂದು ಇಟ್ಟ ಆಕಾರದವು. ಪ್ರತಿ ಕಲ್ಲಿನ ಮೇಲೆ ಒಂದೊಂದು ಅಕ್ಷರ. ಜಪಾನಿ ಅಲ್ಲ. ನಮ್ಮ ಕಡೆಯಿಂದ ಚೀನಾ ದಾಟಿ ಹೋದ ಸಿದ್ಧಂ ಲಿಪಿ. ಕೆಳಗಿನಿಂದ ಮೇಲಕ್ಕೆ ಅ, ವ, ರ, ಹ, ಖ. ಭೂಮಿ, ನೀರು, ಬೆಂಕಿ, ಗಾಳಿ, ಆಕಾಶ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಬೆರಳಿಟ್ಟು ಒಂದೊಂದೇ ಓದುತ್ತಾ ಹೋದೆ. ಅವರ ಕಾನಾ ಅಕ್ಷರಮಾಲೆಯ ಕ್ರಮ ಅ, ಕ, ಸ, ತ, ನ, ಹ, ಮ, ಯ, ರ, ವ ಅಂತ ಸಾಗುವುದಕ್ಕೂ ನಮ್ಮ ವರ್ಣಮಾಲೆಯೇ ಮೂಲ. ಒಂದನೇ ಕ್ಲಾಸಿನಲ್ಲಿ ಸ್ಲೇಟಿನ ಮೇಲೆ ತಿದ್ದಿದ್ದು ಅಷ್ಟು ದೂರದ ಬೆಟ್ಟದ ಮೇಲೆ ಕಂಡರೆ ಏನಾಗುತ್ತದೆ ಅನ್ನುವುದನ್ನು ಬರೆದು ಹೇಳೋಕೆ ನನಗೆ ಆಗುತ್ತಿಲ್ಲ.

ಒಂದೇ ಸಲ ಹೋದ ದೇಶಗಳಲ್ಲಿ ನೇಪಾಳಕ್ಕೆ ಮಾತ್ರ ಮತ್ತೆ ಹೋಗಲೇಬೇಕು ಅಂತಿದೆ. 2022ರಲ್ಲಿ ಅಮ್ಮನನ್ನು ಪಶುಪತಿನಾಥಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಗರ್ಭಗುಡಿಯ ಪೂಜೆಯ ಭಟ್ಟರು ಕರ್ನಾಟಕದಿಂದ ಹೋಗುವುದು ಹಳೇ ಪದ್ಧತಿ ಅಂತ ತಿಳಿದು ಅಮ್ಮನಿಗೆ ಹಿಗ್ಗೋ ಹಿಗ್ಗು. ಆದರೆ ದಕ್ಷಿಣದ ಬಯಲುಸೀಮೆ ತೆರಾಯಿಯಲ್ಲಿರುವ ಸಿಮ್ರೌನ್‌ಗಢ ನೋಡಲಾಗಲಿಲ್ಲ. ಕರ್ನಾಟ ವಂಶದವನು ಅಂತ ಹೇಳಿಕೊಂಡ ನಾನ್ಯದೇವ 11ನೇ ಶತಮಾನದ ಕೊನೆಯಲ್ಲಿ ಕಟ್ಟಿಕೊಂಡ ರಾಜಧಾನಿ ಅದು. ಪ್ರಶ್ನೆ ಸಿದ್ಧವಿದೆ, ರಜೆ ಸಿಗಬೇಕು.

ನಾನು ಹೇಗೆ ಹೊರಡುತ್ತೇನೆ ಅಂತ ಬಹಳ ಜನ ಕೇಳುತ್ತಾರೆ. ದೊಡ್ಡ ವಿದ್ಯೆಯೇನಲ್ಲ. ಹನ್ನೆರಡು ದಿನಕ್ಕೆ ಮೂರು ಊರು, ಅದಕ್ಕಿಂತ ಜಾಸ್ತಿ ಇಲ್ಲ. ಮೊದಲ ದಿನ ಏನೂ ಇಟ್ಟುಕೊಳ್ಳುವುದಿಲ್ಲ. ಹತ್ತಿರದ ಮಾರ್ಕೆಟ್ಟಿಗೆ ಹೋಗಿ ತರಕಾರಿ ನೋಡುತ್ತೇನೆ, ಬೆಲೆ ಕೇಳುತ್ತೇನೆ. ಅಷ್ಟರಲ್ಲಿ ಆ ಊರಿನ ದುಡ್ಡು ಕೈಗೆ ಪಳಗುತ್ತದೆ. ದೊಡ್ಡ ಹೋಟೆಲ್ ಬಿಟ್ಟು ಮನೆಯವರು ನಡೆಸುವ ಕೋಣೆ ಹಿಡಿಯುತ್ತೇನೆ. ದುಡ್ಡು ಉಳಿಯುತ್ತದೆ ಅನ್ನುವುದು ಒಂದು. ಸಂಜೆ ಪ್ರಶ್ನೆ ಕೇಳೋಕೆ ಒಬ್ಬರು ಸಿಗುತ್ತಾರೆ ಅನ್ನುವುದು ಅದಕ್ಕಿಂತ ಮುಖ್ಯ. ಏನು ತಿನ್ನುತ್ತೇನೆ, ಏನು ತಿನ್ನುವುದಿಲ್ಲ ಅನ್ನುವುದನ್ನು ಅಲ್ಲಿನ ಭಾಷೆ ಚೆನ್ನಾಗಿ ಬಲ್ಲವರಿಂದ ಒಂದು ಚೀಟಿಯಲ್ಲಿ ಬರೆಸಿ ಪರ್ಸಿನಲ್ಲಿ ಇಡುತ್ತೇನೆ. ವೀಸಾ, ವಿಮಾನದ ಟಿಕೆಟ್ ಫೋನಿನಲ್ಲಿದ್ದರೂ ಕಾಗದದ ಪ್ರತಿ ಇರಲೇಬೇಕು. ಒಮ್ಮೆ ಗಡಿಯಲ್ಲಿ ಫೋನ್ ಆಫ್ ಆಗಿ ಎರಡು ಗಂಟೆ ಕೂತಿದ್ದೇನೆ. ವೀಸಾದ ನಿಯಮ ಆಗಾಗ ಬದಲಾಗುತ್ತದೆ. ಆದ್ದರಿಂದ ಹಿಂದಿನ ಸಲ ಹೀಗಿತ್ತು ಅಂತ ನಂಬುವುದಿಲ್ಲ. ಪ್ರತಿ ಸಲ ಆ ದೇಶದ ಸರ್ಕಾರಿ ತಾಣದಲ್ಲೇ ನೋಡುತ್ತೇನೆ.

ಇನ್ನು ವಿಯೆಟ್ನಾಂ. ಇದರ ಬಗ್ಗೆ ಹೇಳೋಕೆ ಶುರುಮಾಡಿದರೆ ನಿಲ್ಲಿಸುವುದು ಕಷ್ಟ.

2019ರಲ್ಲಿ ಮೊದಲ ಸಲ ಹನೊಯ್‌ನಲ್ಲಿ ಇಳಿದ ದಿನವೇ ತಪ್ಪು ಮಾಡಿದೆ. ಅಲ್ಲಿ 20,000 ಡಾಂಗ್ ನೋಟೂ ನೀಲಿ, 5,00,000ದ ನೋಟೂ ನೀಲಿ. ರಸ್ತೆ ಬದಿಯ ಟೀ ಅಂಗಡಿಯಲ್ಲಿ ಸುಮಾರು ಅರವತ್ತು ರೂಪಾಯಿ ಕೊಡುವ ಕಡೆ ಸಾವಿರದೈನೂರು ರೂಪಾಯಿ ಬೆಲೆಯ ನೋಟು ಕೊಟ್ಟು ಎದ್ದು ಹೋದೆ. ಅಂಗಡಿಯಾಕೆ ಎರಡು ರಸ್ತೆ ದಾಟಿ, ಸ್ಕೂಟರುಗಳ ನಡುವೆ ಓಡಿ ಬಂದು ನೋಟು ವಾಪಸ್ ಕೊಟ್ಟರು. ಆ ಮುಖ ಇವತ್ತಿಗೂ ಕಣ್ಣ ಮುಂದಿದೆ. ಅಲ್ಲಿಯ ಊಟದ ಶಬ್ದ ‘ಚಯ್’. ಚಾಂದ್ರಮಾನ ತಿಂಗಳ ಮೊದಲನೇ ದಿನ, ಹದಿನೈದನೇ ದಿನ ಅನೇಕರು ಚಯ್ ಊಟ ಮಾಡುತ್ತಾರೆ. ನಮ್ಮಲ್ಲಿ ಅಮಾವಾಸ್ಯೆ, ಹುಣ್ಣಿಮೆಗೆ ಮಾಂಸ ಬಿಡುವ ಹಾಗೆ. ಚಯ್ ಅಂತ ಬೋರ್ಡು ಇರುವ ಸಣ್ಣ ಹೋಟೆಲು ಪ್ರತಿ ಊರಲ್ಲೂ ಸಿಗುತ್ತದೆ. ಹನೊಯ್‌ನಿಂದ ಸೈಗಾನಿಗೆ 1,726 ಕಿಲೋಮೀಟರ್ ಓಡುವ ರೈಲಿನಲ್ಲಿ ಹುಯೆ ಮತ್ತು ದಾ ನಾಂಗ್ ನಡುವಿನ ಹಾಯ್ ವಾನ್ ಘಟ್ಟ ದಾಟಿದೆ. ಒಂದು ಕಡೆ ಕಾಡು, ಇನ್ನೊಂದು ಕಡೆ ಕೆಳಗೇ ಸಮುದ್ರ. ಮಿ ಸನ್‌ನಲ್ಲಿ ಅಲ್ಲಿನ ಹಳೇ ಚಂಪಾ ರಾಜ್ಯದ ರಾಜರು ಕಟ್ಟಿಸಿದ ಇಟ್ಟಿಗೆಯ ಶಿವಾಲಯಗಳನ್ನು ನೋಡಿದೆ. 1969ರ ಬಾಂಬ್ ದಾಳಿಯಲ್ಲಿ ಉದುರಿ ಉಳಿದವು. ನಾನು ಹೋದಾಗ ನಮ್ಮ ಪುರಾತತ್ವ ಇಲಾಖೆಯವರು ಅಲ್ಲಿ ದುರಸ್ತಿ ಕೆಲಸದಲ್ಲಿದ್ದರು. ನಾನು ಬಂದ ಮರುವರ್ಷ ಅದೇ ಕೆಲಸದಲ್ಲಿ 9ನೇ ಶತಮಾನದ ಇಡೀ ಶಿವಲಿಂಗವೊಂದು ಮಣ್ಣಿನಡಿ ಸಿಕ್ಕಿತು.

ಆದರೆ ಮತ್ತೆ ಹೋಗಿದ್ದು ಕಾಫಿಗಾಗಿ. ಕಾಫಿ ಬೆಳೆಯುವುದರಲ್ಲಿ ಬ್ರೆಜಿಲ್ ಬಿಟ್ಟರೆ ಇಡೀ ಜಗತ್ತಿನಲ್ಲಿ ವಿಯೆಟ್ನಾಂ ಎರಡನೆಯದು, ಅದೂ ಹೆಚ್ಚಿನದೆಲ್ಲ ರೊಬಸ್ಟಾ. ಅಲ್ಲಿ ಹೆಕ್ಟೇರಿಗೆ ಬರುವ ಬೆಳೆ ನಮ್ಮದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ. ಅಪ್ಪ ಇದನ್ನು ಪ್ಲಾಂಟರ್ಸ್ ಮೀಟಿಂಗ್‌ಗಳಲ್ಲಿ ಕೇಳಿ ಬಂದು, "ಹೆಂಗೆ ಸಾಧ್ಯ?" ಅಂತ ಎಷ್ಟೋ ವರ್ಷದಿಂದ ಅನ್ನುತ್ತಲೇ ಇದ್ದರು. 2023ರಲ್ಲಿ ಅವರಿಗೆ ಅರವತ್ತೇಳು. ಪಾಸ್‌ಪೋರ್ಟ್ ಮಾಡಿಸಿದೆ. ನವೆಂಬರ್ ಕೊನೆಗೆ ಹೊರಟೆವು. ಅಲ್ಲಿ ಕೊಯ್ಲಿನ ಕಾಲ. ನಮ್ಮಲ್ಲಿ ಅರೇಬಿಕಾ ಹಣ್ಣಾಗುತ್ತಿತ್ತು. ಚಿಕ್ಕಪ್ಪ ನೋಡಿಕೊಳ್ಳುತ್ತೇನೆ ಅಂದಿದ್ದಕ್ಕೆ ಅಪ್ಪ ಒಪ್ಪಿದರು.

ಸೈಗಾನಿನಿಂದ ರಾತ್ರಿ ಸ್ಲೀಪರ್ ಬಸ್ಸು. ಹತ್ತುವಾಗಲೇ ಚಪ್ಪಲಿ ಬಿಚ್ಚಿ ಕವರಿನಲ್ಲಿ ಹಾಕಿಕೊಳ್ಳಬೇಕು. ಅಪ್ಪನಿಗೆ ಅದು ತುಂಬಾ ಹಿಡಿಸಿತು. ಬೆಳಗಾಗುವ ಹೊತ್ತಿಗೆ ಕಾಫಿ ಸೀಮೆಯ ಊರು ಬುವೊನ್ ಮಾ ಥುವಾಟ್. ಇಳಿದ ಕೂಡಲೇ ಅಪ್ಪ ಬಗ್ಗಿ ಮಣ್ಣು ಮುಟ್ಟಿದರು. ಕೆಂಪು, ಪುಡಿಪುಡಿ, ಬೆರಳಿಗೆ ಅಂಟುವ ಮಣ್ಣು. "ಇಂಥ ಮಣ್ಣಿದ್ದರೆ..." ಅಂದು ನಿಲ್ಲಿಸಿದರು.

ಕೋಣೆ ಕೊಟ್ಟಿದ್ದ ಮನೆಯವರ ಪರಿಚಯದಿಂದ ಐದು ಎಕರೆಯ ರೈತರೊಬ್ಬರ ತೋಟಕ್ಕೆ ಹೋದೆವು. ಅವರಿಗೂ ಅಪ್ಪನ ವಯಸ್ಸೇ. ನಡುವೆ ನನ್ನ ಫೋನು, ಅದರಲ್ಲಿ ಭಾಷೆ ಬದಲಿಸುವ ಆ್ಯಪ್. ಅಪ್ಪ ಮೊದಲು ನೋಡಿದ್ದು ಮೇಲಕ್ಕೆ. "ಮರವೇ ಇಲ್ಲವಲ್ಲೇ!" ಅಂದರು. ನಿಜ. ಬಯಲಲ್ಲಿ ಸಾಲಾಗಿ ರೊಬಸ್ಟಾ, ಎದೆಮಟ್ಟಕ್ಕೆ ಕತ್ತರಿಸಿ ಇಟ್ಟದ್ದು, ನೇರ ಬಿಸಿಲು. ರೆಕ್ಕೆಗಳಲ್ಲಿ, ಅಂದರೆ ಗಿಡದ ಅಡ್ಡ ಕೊಂಬೆಗಳಲ್ಲಿ, ಎಲೆಗಿಂತ ಹಣ್ಣೇ ಜಾಸ್ತಿ. ಅಪ್ಪ ಒಂದು ಗೆಣ್ಣಿನ ಹಣ್ಣು ಎಣಿಸಿದರು. ಮುಂದಿನ ಗೆಣ್ಣು ಎಣಿಸಿದರು. ಹೀಗೆ ಐದಾರು. ನೆಲಕ್ಕೆ ಟಾರ್ಪಾಲ್ ಹಾಸಿ, ಇಡೀ ರೆಕ್ಕೆಯನ್ನು ಮುಷ್ಟಿಯಲ್ಲಿ ಹಿಡಿದು ಎಳೆಯುತ್ತಿದ್ದರು. ಹಣ್ಣು, ಕಾಯಿ, ಎಲೆ ಎಲ್ಲ ಒಟ್ಟಿಗೆ. ಹಣ್ಣನ್ನೇ ಆರಿಸಿ ಕೊಯ್ಯಬೇಕು ಅಂತ ಆಳುಗಳ ಹಿಂದೆ ಹಿಂದೆ ಹೋಗುವ ಮನುಷ್ಯ ಅಪ್ಪ. ಅದನ್ನು ನೋಡಿ ಏನೂ ಹೇಳಲಿಲ್ಲ. ಮುಖದಲ್ಲಿ ಗೊತ್ತಾಯಿತು.

ಆಮೇಲೆ ನೀರಿನ ಮಾತು ಬಂತು. ಪ್ರತಿ ಗಿಡದ ಸುತ್ತ ಅಗಲವಾದ ಪಾತಿ. ಜನವರಿ ಆದ ಮೇಲೆ ಪೈಪು ಹಿಡಿದು ಪಾತಿ ತುಂಬಾ ನೀರು, ಬೇಸಿಗೆಯಲ್ಲಿ ಮೂರು ನಾಲ್ಕು ಸಲ. ನಾವು ಕಾಫಿ ಹೂ ಅರಳಿಸುವ ಹೂಮಳೆಗೆ ಆಕಾಶ ನೋಡುತ್ತಾ ಕೂರುವ ದಿನಗಳಲ್ಲಿ ಅವರು ಹೂವನ್ನು ಪಂಪಿನಿಂದ ಬಿಡಿಸುತ್ತಾರೆ. "ನೀರು ಎಲ್ಲಿಂದ?" ಅಪ್ಪ ಕೇಳಿದರು. ರೈತರು ಒಂದು ಹಳೇ ಬಾವಿ ತೋರಿಸಿದರು. ಒಣಗಿತ್ತು. ಅದರ ಪಕ್ಕದಲ್ಲಿ ಬೋರು. ಅದರಾಚೆ ಇನ್ನೊಂದು ಬೋರು. ಅಪ್ಪ ಬಾವಿಯೊಳಗೆ ಬಗ್ಗಿ ನೋಡಿ ಬಹಳ ಹೊತ್ತು ಹಾಗೇ ನಿಂತರು.

ಬೇಲಿಯ ಹತ್ತಿರ ಸಾಲಾಗಿ ಬರೀ ಕಂಬಗಳು. ಮೆಣಸಿಗೆ ಹಾಕಿದ್ದಂತೆ. ಬಳ್ಳಿಯೆಲ್ಲ ಸೊರಗು ರೋಗಕ್ಕೆ ಹೋಯಿತು ಅಂತ ಅವರು ಕೈ ಚೆಲ್ಲಿದರು. ಅಪ್ಪ ಅವರ ಭುಜದ ಮೇಲೆ ಕೈ ಇಟ್ಟರು. ಆ ರೋಗಕ್ಕೆ ನಮ್ಮಲ್ಲೂ ನಾನ್ನೂರು ಬಳ್ಳಿ ಹೋಗಿತ್ತು. ಅದನ್ನು ನಾನು ಫೋನಿಗೆ ಹೇಳಿದೆ. ರೈತರು ಓದಿ, ಅಪ್ಪನ ಮುಖ ನೋಡಿ, ಒಳಗೆ ಹೋಗಿ ಕಾಫಿ ಹಾಕಿಸಿದರು.

ಗಾಜಿನ ಲೋಟದ ಮೇಲೆ ಫಿನ್ ಎಂಬ ಸಣ್ಣ ಅಲ್ಯೂಮಿನಿಯಂ ಫಿಲ್ಟರ್. ಕೆಳಗೆ ಗಟ್ಟಿ ಸಿಹಿ ಹಾಲು. ತೊಟ್ಟು ತೊಟ್ಟಾಗಿ ಇಳಿಯುತ್ತದೆ, ಅವಸರ ಮಾಡುವಂತಿಲ್ಲ. ಕಪ್ಪಗೆ ಹುರಿದ ರೊಬಸ್ಟಾ, ಘಾಟು. ಆ ಹೊತ್ತಿನಲ್ಲಿ ಅವರು ಅಪ್ಪನನ್ನು ಕೇಳಿದರು: ನಿಮ್ಮಲ್ಲಿ ಕಾಫಿಗೆ ನೆರಳು ಯಾಕೆ? ಅಪ್ಪ ಅರ್ಧ ಗಂಟೆ ಮಾತಾಡಿದರು. ನೆರಳಿನ ಮರ ಹತ್ತಿ ಕೊಂಬೆ ಸವರುವ ಮರಗಸಿ ಹೇಗೆ ಮಾಡುತ್ತೇವೆ, ಎಲೆ ಬಿದ್ದು ಮಣ್ಣು ಹೇಗೆ ತಣ್ಣಗಿರುತ್ತದೆ, ಬೆಲೆ ಬಿದ್ದ ವರ್ಷ ಮೆಣಸು ಹೇಗೆ ಕಾಪಾಡುತ್ತದೆ. ಫೋನಿಗೆ ಮರಗಸಿ ಅನ್ನುವ ಶಬ್ದ ಗೊತ್ತಿರಲಿಲ್ಲ. ನಾನು ಚಿತ್ರ ಬರೆದು ತೋರಿಸಿದೆ. "ಅಷ್ಟು ಎತ್ತರ ಯಾರು ಹತ್ತುತ್ತಾರೆ?" ಅಂತ ಅವರು ಕೇಳಿದರು. "ಅದೇ ಕಷ್ಟ. ಈಗ ಹತ್ತುವವರು ಸಿಗುವುದಿಲ್ಲ" ಅಂದರು ಅಪ್ಪ. ಇಬ್ಬರೂ ತಲೆಯಾಡಿಸಿದರು.

ಮರುದಿನ ‘ಎದೆ’ (Ede) ಎಂಬ ಹೆಸರಿನ ಬುಡಕಟ್ಟು ಜನರ ಉದ್ದಮನೆಯೊಂದನ್ನು ನೋಡಿದೆವು. ಆ ಪ್ರಾಂತದ ಮೂಲ ಜನ ಅವರು. ಅಲ್ಲಿ ಮದುವೆಯಾದ ಗಂಡು ಹೆಂಡತಿಯ ಮನೆಗೆ ಹೋಗುತ್ತಾನೆ, ಆಸ್ತಿ ಹೆಣ್ಣುಮಕ್ಕಳಿಗೆ. ಮನೆಯಲ್ಲಿ ಸಂಸಾರ ಬೆಳೆದಂತೆ ಮನೆಯನ್ನು ಉದ್ದಕ್ಕೆ ಬೆಳೆಸುತ್ತಾರೆ. ಘಟ್ಟದ ಕೆಳಗಿನ ಅಳಿಯಸಂತಾನ ಗೊತ್ತಿದ್ದ ಅಪ್ಪನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಹನ್ನೆರಡು ದಿನಕ್ಕೆ ಇಬ್ಬರಿಗೂ ಸೇರಿ 1,60,000 ರೂಪಾಯಿ ಆಯಿತು. ನಾನು ಪ್ರಯಾಣಕ್ಕೆ ಖರ್ಚು ಮಾಡಿದ ದುಡ್ಡಿನಲ್ಲಿ ಇಷ್ಟು ಸಾರ್ಥಕವಾದದ್ದು ಬೇರೆ ಇಲ್ಲ.

ಊರಿಗೆ ಬಂದ ಮೇಲೆ ಅಪ್ಪ ಮರ ಕಡಿಸಲಿಲ್ಲ. ಒಂದು ಎಕರೆ ರೊಬಸ್ಟಾಗೆ ಮಾತ್ರ ಪಾತಿ ಮಾಡಿಸಿ, ಕೆರೆ ನೀರಿನಲ್ಲಿ ಎಷ್ಟಾಗುತ್ತದೆ ನೋಡುತ್ತೇನೆ ಅಂದರು. ಎರಡನೇ ವರ್ಷ ಆ ಎಕರೆಯಲ್ಲಿ ಮೂರು ಮೂಟೆ ಜಾಸ್ತಿ ಬಂತು. ಕೆರೆಯೂ ಬೇಗ ಇಳಿಯಿತು. ಈ ಎರಡನ್ನೂ ಡೈರಿಯಲ್ಲಿ ಬರೆದಿಟ್ಟಿದ್ದಾರೆ. ಆ ರೈತರು ಹೂವಿನ ಹೊತ್ತಿಗೆ ಬನ್ನಿ ಅಂತ ಎರಡು ಸಲ ಮೆಸೇಜ್ ಕಳಿಸಿದ್ದಾರೆ. ಬರುವ ಫೆಬ್ರವರಿಗೆ ಟಿಕೆಟ್ ನೋಡುತ್ತಿದ್ದೇನೆ. ಡೈರಿಯನ್ನೂ ತೆಗೆದುಕೊಂಡು ಹೋಗಬೇಕು ಅಂತ ಅಪ್ಪ ಹೇಳಿದ್ದಾರೆ.